ಮಹಾವೀರಾಚಾರ್ಯ

ಮಹಾವೀರಾಚಾರ್ಯರು 9ನೆಯ ಶತಮಾನದ ಜೈನ ಗಣಿತಜ್ಞರು, ಸಂಸ್ಕೃತದ ‘ಗಣಿತಸಾರಸಂಗ್ರಹ’ದ ಕರ್ತೃ. ಜ್ಯೋತಿಷದಿಂದ ಬೇರ್ಪಡಿಸಿ ಗಣಿತವೊಂದನ್ನೇ ವಿಷಯವಾಗಿಟ್ಟುಕೊಂಡ ಈ ಗ್ರಂಥವು ಬಹುಕಾಲ ದಕ್ಷಿಣ ಭಾರತದಲ್ಲಿ ಪಠ್ಯವಾಗಿ ಬಳಕೆಯಲ್ಲಿತ್ತು.

ಕಾಲ

ಗ್ರಂಥದ ಆರಂಭದಲ್ಲಿ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದರಿಂದ ರಚನೆಯ ಕಾಲವನ್ನು ಸುಮಾರು ಕ್ರಿ.ಶ. 850 ಎಂದು ನಿರ್ಣಯಿಸಲಾಗಿದೆ. ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ‘ಕವಿರಾಜಮಾರ್ಗ’ವೂ ಇದೇ ದೊರೆಯ ಆಶ್ರಯದಲ್ಲಿ ಹುಟ್ಟಿತು. ತಮ್ಮ ಮನೆತನದ ವಿಚಾರವನ್ನು ಆಚಾರ್ಯರು ಎಲ್ಲಿಯೂ ಬರೆದುಕೊಂಡಿಲ್ಲ. ಅವರ ಬಾಳಿನ ಪರಿಚಯವಾಗುವುದು ಅವರು ಕಲಿಸಿದ ರೀತಿಯಿಂದಲೇ.

ಗುಣಾಕಾರದ ಬೋಧನೆ

ಸಂಖ್ಯಾಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ 24 ಎಂದು ಎಣಿಸಿದ ಬಳಿಕ ಆಚಾರ್ಯರು ಎಂಟು ಪರಿಕರ್ಮಗಳನ್ನು ವಿವರಿಸುತ್ತಾರೆ. ಸಾಮಾನ್ಯ ಕೂಡುವಿಕೆ, ಕಳೆಯುವಿಕೆಗಳು ಓದುಗನಿಗೆ ಬರುತ್ತವೆಂದು ಭಾವಿಸಿ ನೇರವಾಗಿ ಗುಣಾಕಾರದಿಂದ, ಅಂದರೆ ‘ಪ್ರತ್ಯುತ್ಪನ್ನ’ದಿಂದ, ತೊಡಗುತ್ತಾರೆ. ಗುಣ್ಯ ಮತ್ತು ಗುಣಕಗಳನ್ನು ಬಾಗಿಲ ಕದಗಳಂತೆ ಒಂದರ ಕೆಳಗೊಂದು ಜೋಡಿಸುವುದು ‘ಕವಾಟಸಂಧಿ’. ಬಳಿಕ ಅನುಲೋಮವಾಗಿಯಾಗಲಿ ವಿಲೋಮವಾಗಿಯಾಗಲಿ ಲೆಕ್ಕ ನಡೆಸಬಹುದು.

ಅದಕ್ಕೆ ಅವರು ಮೂರು ದಾರಿಗಳನ್ನು ಸೂಚಿಸುತ್ತಾರೆ. ಗುಣ್ಯವನ್ನು ಅದರ ಅಪವರ್ತನದಿಂದ ಭಾಗಿಸಿ ಗುಣಕವನ್ನು ಅದೇ ಸಂಖ್ಯೆಯಿಂದ ಹೆಚ್ಚಿಸಬಹುದು. ಗುಣಕವನ್ನು ಭಾಗಿಸಿ ಗುಣ್ಯವನ್ನು ಹೆಚ್ಚಿಸಬಹುದು. ಎರಡನ್ನೂ ಇದ್ದಂತೆಯೇ ಗುಣಿಸಲೂಬಹುದು. ಒಂದೊಂದು ಜಿನಾಲಯಕ್ಕೆ 8 ತಾವರೆಗಳಂತೆ 144 ಜಿನಾಲಯಗಳಿಗೆ ಎಷ್ಟು ಎಂಬುದು ಗ್ರಂಥದ ಸರಳ ಉದಾಹರಣೆಗಳಲ್ಲೊಂದು. ಎರಡನೆಯ ದಾರಿಯಲ್ಲಿ 8ನ್ನು 4ರಿಂದ ಭಾಗಿಸಿದರೆ 2. 144ನ್ನು 4ರಿಂದ ಗುಣಿಸಿದರೆ 576. ಅದರ ಇಮ್ಮಡಿ 1152. ಇಂದಿನ ಪ್ರಾಥಮಿಕ ತರಗತಿಗಳಲ್ಲಿ ಕಲಿಸುವ, ಒಂದನ್ನು ಅರ್ಧ ಮಾಡಿ ಇನ್ನೊಂದನ್ನು ಇಮ್ಮಡಿಸುವ ಉಪಾಯವು ಇದರ ವಿಶೇಷ ರೂಪವೇ ಆಗಿದೆ. ಯಾವ ದಾರಿ ಹಿಡಿಯಬೇಕೆಂಬ ಆಯ್ಕೆಯನ್ನು ಕಲಿಯುವವನಿಗೇ ಬಿಟ್ಟಿರುವುದು ಗಮನಾರ್ಹ.

ಅಭ್ಯಾಸದ ಲೆಕ್ಕಗಳಲ್ಲಿ ಆಚಾರ್ಯರ ರಸಿಕತೆ ಎದ್ದು ಕಾಣುತ್ತದೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ 111111111. 27994681ನ್ನು 441ರಿಂದ ಗುಣಿಸಿದರೆ 12345654321. ಎರಡು ಕಡೆಯಿಂದಲೂ ಒಂದೇ ತೆರನಾಗಿ ಓದಿಸಿಕೊಳ್ಳುವ ಇಂತಹ ಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಇದು ಬರಿಯ ವಿನೋದವಲ್ಲ: ನಡುವೆ ಒಂದು ಅಂಕಿ ತಪ್ಪಿದರೂ ಹಾರದ ಸಮತೆ ಕೆಡುವುದರಿಂದ, ಗುರುವಿನ ನೆರವಿಲ್ಲದೆಯೇ ವಿದ್ಯಾರ್ಥಿಗೆ ತನ್ನ ದೋಷ ಗೋಚರವಾಗುತ್ತದೆ. ಒಣ ಮಗ್ಗಿಯ ಅಭ್ಯಾಸಕ್ಕೆ ಈ ಗುಣವಿಲ್ಲ.

ಇತರ ವಿಷಯಗಳು

1,100ಕ್ಕೂ ಹೆಚ್ಚು ಪದ್ಯಗಳ ಈ ಗ್ರಂಥವು ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತ, ಛಾಯಾಗಣಿತಗಳನ್ನೂ ಒಳಗೊಂಡಿದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂಬ ಅವರ ನಿಯಮ ಮಾತ್ರ ತಪ್ಪು.

ಪ್ರಸಾರ

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿಯೇ ಗಣಿತವನ್ನು ಬರೆಯುವ ಕಾರ್ಯವನ್ನು 12ನೆಯ ಶತಮಾನದಲ್ಲಿ ಮತ್ತೊಬ್ಬ ಜೈನ ಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳ ಮೂಲಕ ಕೈಗೊಂಡನು. ಎಂ. ರಂಗಾಚಾರ್ಯರು ಸಂಪಾದಿಸಿದ ಮೂಲ ಹಾಗೂ ಇಂಗ್ಲಿಷ್ ಅನುವಾದವು 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡ ಅನುವಾದಸಹಿತ ಆವೃತ್ತಿಯು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.