ಅಲ್ಲಮಪ್ರಭು: ವಜ್ರಕಾಯ ಮತ್ತು ಬಯಲು

12ನೆಯ ಶತಮಾನದ ಅಲ್ಲಮಪ್ರಭುವಿನ ಜೀವನವೃತ್ತ ಕಾವ್ಯಗಳಲ್ಲಿ ಎರಡು ಕವಲಾಗಿ ದೊರೆಯುತ್ತದೆ. ಹರಿಹರನ ರಗಳೆಯಲ್ಲಿ ಆತ ಬಳ್ಳಿಗಾವೆಯ ಮದ್ದಳೆಗಾರ. ಪ್ರಿಯೆ ಕಾಮಲತೆಯ ಮರಣದಿಂದ ಕಂಗೆಟ್ಟು ಅಲೆಯುತ್ತ, ನೆಲದಡಿಯ ಗುಡಿಯಲ್ಲಿ ಅನಿಮಿಷಯ್ಯನಿಂದ ಲಿಂಗ ಪಡೆದವನು. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಾದರೋ ಆತ ನಿರಹಂಕಾರ-ಸುಜ್ಞಾನಿಯರ ಮಗ, ಮಮಕಾರರಾಜನ ಮಗಳಾದ ಮಾಯೆಗೆ ಸಿಲುಕದ ನಿರ್ಲಿಪ್ತ. ಹೆಸರುಗಳೇ ರೂಪಕಗಳಾದ ಈ ಕಥನದಲ್ಲಿ ವಿಯೋಗಕ್ಕೆ ಎಡೆಯಿಲ್ಲ.

ಕಾಯಸಿದ್ಧಿಯಿಂದ ದೇಹವನ್ನು ವಜ್ರವಾಗಿಸಿಕೊಂಡಿದ್ದ ಗೋರಕ್ಷನಿಗೆ ಖಡ್ಗ ತಗುಲಿದಾಗ ಖಣಿಲೆಂದಿತು. ಪ್ರಭುವಿನ ಮೈಯಲ್ಲಿ ಅದು ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಲೋಹವನ್ನು ಹೊನ್ನಾಗಿಸುವ ರಸವು ದೇಹವನ್ನೂ ಅಳಿಯದಂತೆ ಮಾಡೀತೆಂಬ ಸಿದ್ಧರ ನಂಬಿಕೆಯೇ ಇಲ್ಲಿ ಪರೀಕ್ಷೆಗೊಳಗಾಗಿದೆ. ಕಾಮಲತೆಯನ್ನು ಮರೆತು ಓದಿದರೆ ಈ ಪ್ರಸಂಗ ಬರಿಯ ಪವಾಡ. ಒಲಿದ ದೇಹದ ಅಳಿವನ್ನು ಕಂಡುಂಡವನ ಮುಂದೆ ನಿಂತಾಗಲೇ ಗೋರಕ್ಷನ ಗಟ್ಟಿತನ ಟೊಳ್ಳೆನಿಸುತ್ತದೆ.

ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನೇರಿದ ಪ್ರಭು ಶ್ರೀಶೈಲದ ಕದಳಿಯಲ್ಲಿ ಬಯಲಾದನೆಂಬುದು ಪರಂಪರೆಯ ನಂಬಿಕೆ.