ಕೀಬೋರ್ಡ್ ಜೋಡಿಸಿದ ಶೋಲ್ಸ್

ಲ್ಯಾಬ್ ರಿಪೋರ್ಟ್ ಟೈಪ್ ಮಾಡುವಾಗ ನಮಗೆಲ್ಲ ಒಮ್ಮೆಯಾದರೂ ಅನ್ನಿಸಿರುತ್ತೆ, ಈ ಅಕ್ಷರಗಳನ್ನು ಎ, ಬಿ, ಸಿ ಅಂತ ಸಾಲಾಗಿ ಇಡೋಕೆ ಏನಾಗಿತ್ತು ಅಂತ. ನುಡಿಯಲ್ಲಿ ಕ ಬೇಕಾದರೂ ನಾವು ಹುಡುಕೋದು ಅದೇ ಕೆ ಕೀಯನ್ನ. ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಅನ್ನೋ ಈ ಸಾಲಿನ ಹಿಂದಿರುವವರು ಕ್ರಿಸ್ಟೋಫರ್ ಲೇಥಮ್ ಶೋಲ್ಸ್. ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರಲ್ಲ, ಅಚ್ಚುಕೂಟದ ಮನುಷ್ಯ.

1819ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಶೋಲ್ಸ್ ಮುದ್ರಣ ಕಲಿತು, ವಿಸ್ಕಾನ್ಸಿನ್‌ಗೆ ಹೋಗಿ ಪತ್ರಿಕೆ ನಡೆಸಿದರು, ಶಾಸಕರೂ ಆದರು. 1853ರಲ್ಲಿ ಆ ರಾಜ್ಯ ಮರಣದಂಡನೆ ರದ್ದು ಮಾಡಿದ್ದರಲ್ಲಿ ಅವರ ಪಾತ್ರ ದೊಡ್ಡದು. ಅದಕ್ಕೇ ಬೇರೆ ಲೇಖನ ಬೇಕು, ಇರಲಿ.

ಮಿಲ್ವಾಕಿಯ ಒಂದು ವರ್ಕ್‌ಶಾಪಿನಲ್ಲಿ ಅವರು ಗೆಳೆಯರೊಬ್ಬರ ಜೊತೆ ಪುಟಗಳಿಗೆ ನಂಬರ್ ಹಾಕೋ ಯಂತ್ರ ಮಾಡ್ತಿದ್ದರು. ಅಲ್ಲೇ ನೇಗಿಲಿನ ಯಂತ್ರದ ಗುಂಗಿನಲ್ಲಿದ್ದ ಕಾರ್ಲೋಸ್ ಗ್ಲಿಡನ್ ಅದನ್ನು ನೋಡಿ, ನಂಬರ್ ಅಚ್ಚಾಗೋದಾದರೆ ಅಕ್ಷರ ಯಾಕಾಗಬಾರದು ಅಂತ ತಲೆಗೆ ಹುಳ ಬಿಟ್ಟರು. 1868ರ ಜೂನ್‌ನಲ್ಲಿ ಮೂವರ ಹೆಸರಲ್ಲಿ ಪೇಟೆಂಟ್ ಬಂತು. ಆಗಿನ ಕೀಗಳು ಪಿಯಾನೋದ ಮನೆಗಳಂತಿದ್ದವು, ಅಕ್ಷರಗಳೂ ವರ್ಣಮಾಲೆಯ ಕ್ರಮದಲ್ಲೇ ಇದ್ದವು.

ತೊಂದರೆ ಶುರುವಾದದ್ದು ಆಮೇಲೆ. ಕೀ ಒತ್ತಿದರೆ ಅಚ್ಚುಮೊಳೆ ಹೊತ್ತ ಕಡ್ಡಿಯೊಂದು ಕೆಳಗಿನಿಂದ ಎದ್ದು ಕಾಗದಕ್ಕೆ ಬಡಿದು, ತನ್ನ ಭಾರಕ್ಕೇ ವಾಪಸ್ ಬೀಳಬೇಕು. ಪಕ್ಕಪಕ್ಕದ ಕಡ್ಡಿಗಳು ಬೇಗ ಬೇಗ ಎದ್ದರೆ ಒಂದಕ್ಕೊಂದು ಸಿಕ್ಕಿಹಾಕ್ಕೊಳ್ತಿದ್ದವು. ಅಚ್ಚು ಬೀಳ್ತಿದ್ದದ್ದು ಕಾಗದದ ತಳಭಾಗಕ್ಕೆ, ಹಾಗಾಗಿ ತಪ್ಪು ತಕ್ಷಣ ಕಾಣ್ತಲೂ ಇರಲಿಲ್ಲ. ಯಂತ್ರವನ್ನು ಕಣ್ಣಲ್ಲೂ ನೋಡದೆ 600 ಡಾಲರ್ ಹಾಕಿದ್ದ ಜೇಮ್ಸ್ ಡೆನ್ಸ್‌ಮೋರ್ ಪ್ರತಿ ಮಾದರಿಯನ್ನೂ ಶೀಘ್ರಲಿಪಿಕಾರರಿಗೆ ಕಳಿಸೋರು. ವಾಷಿಂಗ್ಟನ್ನಿನ ಜೇಮ್ಸ್ ಕ್ಲೆಫೇನ್ ಒಂದಾದ ಮೇಲೊಂದು ಮುರಿದು, ಬೈಗುಳದ ಪತ್ರದ ಸಮೇತ ಕೆಟ್ಟಿದ್ದನ್ನೆಲ್ಲ ತಿಳಿಸೋರು. ಶೋಲ್ಸ್‌ಗೆ ರೋಸಿಹೋಗ್ತಿತ್ತು. ಆದರೂ ಬಿಚ್ಚಿ, ಮತ್ತೆ ಜೋಡಿಸೋರು. ನಮ್ಮ ಪ್ರಾಜೆಕ್ಟ್ ರಿವ್ಯೂ ಇದರ ಮುಂದೆ ಏನೂ ಅಲ್ಲ.

ಹೀಗೆ ಐದಾರು ವರ್ಷ ಅಕ್ಷರಗಳು ಜಾಗ ಬದಲಿಸಿದವು. ಕಡ್ಡಿಗಳು ಸಿಕ್ಕಿಕೊಳ್ಳದಿರಲಿ ಅಂತ ದೂರ ಇಟ್ಟರು ಅನ್ನೋದು ನಾವೆಲ್ಲ ಕೇಳಿದ ಕಥೆ. ಆದರೆ ಇಂಗ್ಲಿಷಿನಲ್ಲಿ ಪದೇ ಪದೇ ಜೊತೆಯಾಗಿ ಬರೋ ಇ, ಆರ್ ಪಕ್ಕಪಕ್ಕದಲ್ಲೇ ಇವೆಯಲ್ಲ! ಟೆಲಿಗ್ರಾಫ್‌ನವರ ಅನುಕೂಲ ನೋಡಿ ಜೋಡಿಸಿದರು ಅನ್ನೋದು ಕ್ಯೋಟೋದ ಸಂಶೋಧಕರ ವಾದ. ಒಂದೇ ಕಾರಣದಿಂದ ಆದ ಜೋಡಣೆ ಇದಲ್ಲ ಅಂತ ನಮಗನ್ನಿಸುತ್ತೆ. ನಡುಸಾಲಿನಲ್ಲಿ ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ನೋಡಿ, ಹಳೇ ವರ್ಣಮಾಲೆಯ ಗುರುತು ಇನ್ನೂ ಇದೆ.

1873ರಲ್ಲಿ ಬಂದೂಕು, ಹೊಲಿಗೆ ಯಂತ್ರ ಮಾಡ್ತಿದ್ದ ರೆಮಿಂಗ್ಟನ್ ಕಂಪನಿ ತಯಾರಿಕೆಗೆ ಒಪ್ಪಿತು. ಮರುವರ್ಷ 125 ಡಾಲರ್ ಬೆಲೆಗೆ ಮಾರಾಟಕ್ಕೆ ಬಂದ ಯಂತ್ರದಲ್ಲಿ ಇದ್ದದ್ದು ದೊಡ್ಡಕ್ಷರ ಮಾತ್ರ. ಶೋಲ್ಸ್ ತಮ್ಮ ಹಕ್ಕನ್ನು 12,000 ಡಾಲರ್‌ಗೆ ಮಾರಿಬಿಟ್ಟರು. ಡೆನ್ಸ್‌ಮೋರ್ ರಾಯಲ್ಟಿ ಹಿಡಿದು ಶ್ರೀಮಂತರಾದರು.

ಶೋಲ್ಸ್ ಮಾತ್ರ ಕೆಲಸ ಬಿಡಲಿಲ್ಲ. ಕ್ಷಯದಿಂದ ನರಳುತ್ತಲೇ ಯಂತ್ರ ತಿದ್ದುತ್ತಿದ್ದರು. 1889ರಲ್ಲಿ, ಅಕ್ಷರಗಳನ್ನು ಪೂರಾ ಬೇರೆ ಥರ ಜೋಡಿಸಿದ ಕೀಬೋರ್ಡಿಗೆ ಅರ್ಜಿ ಹಾಕಿದರು. 1890ರ ಫೆಬ್ರವರಿಯಲ್ಲಿ ತೀರಿಕೊಂಡರು. ಪೇಟೆಂಟ್ ಬಂದಾಗ 1896. ಅಷ್ಟರಲ್ಲಿ ರೆಮಿಂಗ್ಟನ್ ಸೇರಿದಂತೆ ದೊಡ್ಡ ಕಂಪನಿಗಳು ಒಂದಾಗಿದ್ದವು, ಟೈಪಿಸ್ಟರ ಬೆರಳಿಗೆ ಹಳೇ ಸಾಲೇ ಕೂತುಬಿಟ್ಟಿತ್ತು. ಹೊಸದನ್ನು ಯಾರೂ ಕೇಳಲಿಲ್ಲ.