ಹಸಿ ಇಟ್ಟಿಗೆಯ ರಾಜ: ಖಾಸೆಖೆಮ್ವಿ

ಮೆಟೀರಿಯಲ್ಸ್ ಲ್ಯಾಬ್‌ನಲ್ಲಿ ಇಟ್ಟಿಗೆಯನ್ನು 24 ಗಂಟೆ ನೀರಲ್ಲಿ ನೆನೆಸಿ ತೂಕ ನೋಡೋ ಟೆಸ್ಟ್ ಸಿವಿಲ್‌ನವರಿಗೆ ನೆನಪಿರುತ್ತೆ. ಅದು ಸುಟ್ಟ ಇಟ್ಟಿಗೆ, ಅದಕ್ಕೇ ಉಳಿಯುತ್ತೆ. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ ಹಾಕಿದ್ರೆ ಮಾರನೇ ದಿನ ಬಕೆಟ್‌ನಲ್ಲಿ ಸಿಗೋದು ಕೆಸರು. ಆದರೆ ಅಂಥ ಹಸಿ ಇಟ್ಟಿಗೆಯ ಗೋಡೆಯೊಂದು ಈಜಿಪ್ಟಿನ ಅಬಿಡೋಸ್‌ನಲ್ಲಿ ಸುಮಾರು 4,700 ವರ್ಷದಿಂದ ನಿಂತಿದೆ. ಅದನ್ನು ಕಟ್ಟಿಸಿದವನ ಹೆಸರು ಖಾಸೆಖೆಮ್ವಿ. ಪಿರಮಿಡ್ ಕಟ್ಟಿಸಿದವರು ನಮಗೆಲ್ಲ ಗೊತ್ತು, ಅವರಿಗೆ ದಾರಿ ಮಾಡಿಕೊಟ್ಟ ಈ ರಾಜ ಗೊತ್ತಿಲ್ಲ. ಅದಕ್ಕೇ ಈ ಲೇಖನ.

ಖಾಸೆಖೆಮ್ವಿ ಈಜಿಪ್ಟಿನ ಎರಡನೇ ರಾಜವಂಶದ ಕೊನೆಯ ದೊರೆ. ಅವನು ಎಲ್ಲಿ ಹುಟ್ಟಿದ, ಹೇಗೆ ಬೆಳೆದ ಅನ್ನೋದಕ್ಕೆ ಯಾವ ದಾಖಲೆಯೂ ಉಳಿದಿಲ್ಲ. ಅವನ ಜೀವನವನ್ನು ನಾವು ಕಲ್ಲು, ಮುದ್ರೆ, ಗೋಡೆಗಳಿಂದಲೇ ಓದಬೇಕು. ಮೊದಲು ಅವನ ಹೆಸರು ಖಾಸೆಖೆಮ್ ಎಂದಿತ್ತು, ಅಂದರೆ ಶಕ್ತಿಯು ಪ್ರಕಟವಾಗಿದೆ ಎಂದು. ಆಗ ದೇಶದ ಸ್ಥಿತಿ ಚೆನ್ನಾಗಿರಲಿಲ್ಲ. ಈಜಿಪ್ಟಿನ ರಾಜರು ತಮ್ಮ ಹೆಸರಿನ ಮೇಲೆ ಹೋರಸ್ ದೇವರ ಗಿಡುಗವನ್ನು ಕೆತ್ತಿಸುತ್ತಿದ್ದರು. ಅವನಿಗಿಂತ ಮೊದಲಿನ ಪೆರಿಬ್ಸೆನ್ ಎಂಬ ರಾಜ ಅದನ್ನು ತೆಗೆದು ಸೆತ್ ದೇವರ ಪ್ರಾಣಿಯನ್ನು ಹಾಕಿಸಿದ್ದ. ನಮಗೆ ಇದು ಲೋಗೋ ಬದಲಾವಣೆ ಥರ ಕಾಣಬಹುದು. ಆದರೆ ಆ ಕಾಲದಲ್ಲಿ ಅದು ರಾಜ್ಯದ ಗುರುತನ್ನೇ ಬದಲಾಯಿಸಿದ ಹಾಗೆ.

ಖಾಸೆಖೆಮ್ ದಕ್ಷಿಣದ ನೆಖೆನ್ ನಗರದಿಂದ ಯುದ್ಧಗಳನ್ನು ನಡೆಸಿದ. ಅಲ್ಲಿ ಸಿಕ್ಕ ಅವನ ಎರಡು ಕುಳಿತ ಪ್ರತಿಮೆಗಳ ಪೀಠದ ಮೇಲೆ ಸತ್ತು ಬಿದ್ದ ಉತ್ತರದ ಶತ್ರುಗಳ ಚಿತ್ರವಿದೆ. ಒಂದರಲ್ಲಿ 47,209 ಎಂಬ ಸಂಖ್ಯೆಯೂ ಇದೆ. ರಾಜರು ಲೆಕ್ಕವನ್ನು ಸ್ವಲ್ಪ ಉಬ್ಬಿಸಿರಬಹುದು, ಆದರೂ ಅಷ್ಟು ಹೆಣಗಳನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದ್ದು ನೋಡಿದ್ರೆ ಮೈ ಜುಮ್ ಅನ್ನುತ್ತೆ.

ಗೆದ್ದಮೇಲೆ ಅವನು ಮಾಡಿದ ಕೆಲಸವೇ ನನಗೆ ಇಷ್ಟವಾಗಿದ್ದು. ಹೆಸರನ್ನು ಖಾಸೆಖೆಮ್ವಿ ಎಂದು ಬದಲಾಯಿಸಿಕೊಂಡ. ಅಂದರೆ ಎರಡು ಶಕ್ತಿಗಳೂ ಪ್ರಕಟವಾಗಿವೆ ಎಂದು. ಹೆಸರಿನ ಮೇಲೆ ಹೋರಸ್ ಮತ್ತು ಸೆತ್ ಇಬ್ಬರನ್ನೂ ಒಟ್ಟಿಗೆ ಕೂರಿಸಿದ. ಈಜಿಪ್ಟಿನ ಇತಿಹಾಸದಲ್ಲಿ ಹೀಗೆ ಮಾಡಿದ ರಾಜ ಇವನೊಬ್ಬನೇ. ಸೋತವರ ದೇವರನ್ನು ಅಳಿಸಿಹಾಕುವ ಅಧಿಕಾರ ಇದ್ದರೂ ಪಕ್ಕದಲ್ಲೇ ಜಾಗ ಕೊಟ್ಟ.

ಆಮೇಲೆ ಶುರುವಾಯ್ತು ಕಟ್ಟೋ ಕೆಲಸ. ನೆಖೆನ್‌ನಲ್ಲಿ ಒಂದು ದೊಡ್ಡ ಆವರಣ, ಅಬಿಡೋಸ್‌ನ ಮರುಭೂಮಿಯಲ್ಲಿ ಸುಮಾರು 70 ಮೀಟರ್ ಉದ್ದದ ಸಮಾಧಿ. ಆ ಸಮಾಧಿಯ ನಡುವಿನ ಕೋಣೆಗೆ ಮಾತ್ರ ಸುಣ್ಣಕಲ್ಲಿನ ಗೋಡೆ. ಸಮಾಧಿಯಿಂದ ದೂರದಲ್ಲಿ, ಹೊಲಗಳ ಅಂಚಿಗೆ ಹತ್ತಿರವಾಗಿ, ಅವನ ಉತ್ತರಕ್ರಿಯೆಯ ಪೂಜೆಗಳಿಗಾಗಿ ಇನ್ನೊಂದು ಆವರಣ. ಅದೇ ಇಂದಿನ ಶುನೆತ್ ಎಲ್-ಝೆಬಿಬ್. ಅರಬ್ಬಿಯಲ್ಲಿ ಈ ಹೆಸರಿನ ಅರ್ಥ ಒಣದ್ರಾಕ್ಷಿಯ ಉಗ್ರಾಣ! ರಾಜನ ಹೆಸರು ಮರೆತ ಜನ ಯಾವುದೋ ಕಾಲದಲ್ಲಿ ಇಟ್ಟ ಹೆಸರು.

ಆವರಣದ ಉದ್ದ 120 ಮೀಟರ್‌ಗೂ ಜಾಸ್ತಿ. ಮುಖ್ಯ ಗೋಡೆಯ ದಪ್ಪ ಸುಮಾರು 5 ಮೀಟರ್, ಕೆಲವು ಕಡೆ ಎತ್ತರ ಈಗಲೂ ಸುಮಾರು 11 ಮೀಟರ್. ಒಂದು ಚಿಕ್ಕ ಲೆಕ್ಕ ಹಾಕೋಣ. ಮಣ್ಣಿನ ಸಾಂದ್ರತೆ ಘನಮೀಟರ್‌ಗೆ 1,700 ಕೆ.ಜಿ. ಅಂತ ಹಿಡಿದ್ರೆ 11 ಮೀಟರ್ ಗೋಡೆಯ ಬುಡದಲ್ಲಿ ಬೀಳೋ ಒತ್ತಡ ಸುಮಾರು 0.18 ಮೆಗಾಪ್ಯಾಸ್ಕಲ್. ಒಳ್ಳೆಯ ಹಸಿ ಇಟ್ಟಿಗೆ ಇದರ ಹಲವು ಪಟ್ಟು ತಡೆಯುತ್ತೆ. ಅಂದ್ರೆ ಗೋಡೆಗೆ ತನ್ನ ಭಾರ ಸಮಸ್ಯೆನೇ ಅಲ್ಲ. ಮಳೆ ಕಡಿಮೆ ಇರೋ ಜಾಗ ಆಗಿದ್ದೂ ಅದೃಷ್ಟ. ಸಮಸ್ಯೆ ಬುಡ ಟೊಳ್ಳಾದಾಗ. ಪ್ರಾಣಿಗಳು ಬಿಲ ತೋಡಿದವು, ಕ್ರೈಸ್ತ ಸನ್ಯಾಸಿಗಳು ಗೋಡೆಯಲ್ಲೇ ಕೋಣೆ ಕೊರೆದುಕೊಂಡರು, ಗಾಳಿ ಮರಳನ್ನು ಹೊಡೆದು ಸವೆಸಿತು. ಕೆಳಗೆ ಆಧಾರ ಹೋದ ಮೇಲೆ ಮೇಲಿನ ಭಾಗ ಬಿರುಕು ಬಿಟ್ಟು ವಾಲುತ್ತೆ, ಒಂದು ದಿನ ಕುಸಿಯುತ್ತೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಫೈನ್ ಆರ್ಟ್ಸ್‌ನ ತಂಡ ಡೇವಿಡ್ ಓ'ಕಾನರ್ ಮತ್ತು ಮ್ಯಾಥ್ಯೂ ಆಡಮ್ಸ್ ಅವರ ನೇತೃತ್ವದಲ್ಲಿ ಈ ಗೋಡೆಗಳನ್ನು ಉಳಿಸೋ ಕೆಲಸಕ್ಕೆ ಇಳಿಯಿತು. 2008ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಶುನೆತ್ ಇತ್ತು. ಅವರು ಬಳಸಿದ್ದು ಸಿಮೆಂಟ್ ಅಲ್ಲ, ಹಳೆಯ ಇಟ್ಟಿಗೆಯ ಅಳತೆ ಮತ್ತು ಮಿಶ್ರಣಕ್ಕೆ ಹೊಂದುವಂತೆ ಮಾಡಿಸಿದ ಹೊಸ ಹಸಿ ಇಟ್ಟಿಗೆ. ಯಾಕಂದ್ರೆ ಮಣ್ಣಿನ ಪಕ್ಕ ಗಟ್ಟಿ ಸಿಮೆಂಟ್ ಹಾಕಿದ್ರೆ ಎರಡೂ ಒಂದೇ ಥರ ಹಿಗ್ಗಲ್ಲ, ತೇವ ಬಿಡಲ್ಲ. ಕೊನೆಗೆ ಹಾಳಾಗೋದು ಹಳೆಯ ಮಣ್ಣೇ. ಇಡೀ ಕೋಟೆಯನ್ನು ಹೊಸದಾಗಿ ಕಟ್ಟಲಿಲ್ಲ. ಟೊಳ್ಳು ತುಂಬಿ, ವಾಲಿದ ಕಡೆ ಆಧಾರ ಕೊಟ್ಟರು.

ಖಾಸೆಖೆಮ್ವಿ ಸತ್ತಾಗ ಅವನ ಸಮಾಧಿಗೆ ಮುದ್ರೆ ಒತ್ತಿದ್ದು ಮುಂದಿನ ರಾಜ ಜೋಸರ್. ಅವನು ಇವನ ಮಗನೇ ಎಂದು ಬಹುತೇಕ ವಿದ್ವಾಂಸರು ನಂಬುತ್ತಾರೆ. ಜೋಸರ್ ಸಕ್ಕಾರಾದಲ್ಲಿ ಈಜಿಪ್ಟಿನ ಮೊದಲ ಪಿರಮಿಡ್ ಕಟ್ಟಿಸಿದ. ಅದರ ಸುತ್ತಲಿನ ಕಲ್ಲಿನ ಗೋಡೆಯಲ್ಲಿರೋ ಮಡಿಕೆಗಳು ಅಪ್ಪನ ಹಸಿ ಇಟ್ಟಿಗೆಯ ಗೋಡೆಯಲ್ಲಿದ್ದಂಥವೇ. ಮುಂದಿನ ರಾಜರು ಯಾರೂ ಅಬಿಡೋಸ್‌ನಲ್ಲಿ ಇಂಥ ಆವರಣ ಕಟ್ಟಿಸಲಿಲ್ಲ.

ಮಗನ ಕಲ್ಲಿನ ಪಿರಮಿಡ್ ನೋಡೋಕೆ ಇವತ್ತು ಜಗತ್ತೇ ಹೋಗುತ್ತೆ. ಅಪ್ಪನ ಗೋಡೆಗೆ ಬೇಕಾಗಿರೋದು ಪ್ರತಿ ತಲೆಮಾರಿನಲ್ಲೂ ಬುಡ ನೋಡಿಕೊಳ್ಳೋ ಒಂದಷ್ಟು ಜನ. ಕಟ್ಟೋದನ್ನು ನಾವು ನಾಲ್ಕು ವರ್ಷ ಕಲಿಯುತ್ತೇವೆ. ಕಟ್ಟಿದ್ದನ್ನು ಉಳಿಸಿಕೊಳ್ಳೋದೂ ಎಂಜಿನಿಯರಿಂಗೇ ಅಂತ ನನಗೆ ಅರ್ಥ ಮಾಡಿಸಿದ್ದು ಈ ರಾಜ.